ಪೈಲ್ವಾನನ ಹೆಸರು ಏಕೆ ಉಳಿಯುತ್ತಿಲ್ಲ?

ಕೊಟ್ಟೂರು, ಹರಪನಹಳ್ಳಿಗಳ ಪೇಟೆಯಲ್ಲಿ ಅರವತ್ತು ದಾಟಿದ ವರ್ತಕರೊಬ್ಬರನ್ನು ಮುಷ್ಟಿಯುದ್ಧದ ಒಬ್ಬ ವೀರನನ್ನು ಹೆಸರಿಸಿರೆಂದು ಕೇಳಿದರೆ ಮಹಮ್ಮದ್ ಅಲಿಯವರ ಹೆಸರು ಬರುತ್ತದೆ. ಗಲ್ಲೆಯ ಮೇಲೆ ಕುಳಿತ ಮಗನನ್ನು ಕೇಳಿದರೆ ಮೈಕ್ ಟೈಸನ್ ಹೆಸರು ಬರುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗನಲ್ಲಿಯೂ ಅವೇ ಎರಡು ಹೆಸರುಗಳು. ಮೂರನೆಯದು ಸಿಗುವುದು ಅಪರೂಪ. ಯುಕ್ರೇನಿನ ಒಲೆಕ್ಸಾಂಡರ್ ಉಸಿಕ್ 2025ರ ಕೊನೆಯವರೆಗೂ ವೃತ್ತಿಪರ ಕಣದಲ್ಲಿ ಒಮ್ಮೆಯೂ ಸೋತಿರಲಿಲ್ಲ. ಆದರೂ ಅವರ ಹೆಸರನ್ನು ಕೇಳಿದವರು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಇದೇ ಪರೀಕ್ಷೆಯನ್ನು ನಮ್ಮ ಜಾತ್ರೆಯ ಕುಸ್ತಿಗೂ ಅನ್ವಯಿಸಿ ನೋಡಬಹುದು. ಅಜ್ಜನಿಗೆ ತನ್ನ ಕಾಲದ ನಾಲ್ಕಾರು ಪೈಲ್ವಾನರ ಹೆಸರು, ಊರು, ಅವರು ಹಾಕುತ್ತಿದ್ದ ಪಟ್ಟು ಸಹಿತ ನೆನಪಿದೆ. ಕಳೆದ ವರ್ಷ ಬೆಳ್ಳಿ ಕಡಗ ಗೆದ್ದವನು ಯಾರೆಂಬುದು ಆ ಕಡಗಕ್ಕೆ ಚಂದಾ ಕೊಟ್ಟವರಿಗೇ ನೆನಪಿರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಹೇಳಲಾಗುವ ಕಾರಣಗಳು ಎಲ್ಲರಿಗೂ ತಿಳಿದವೇ. ಹುಡುಗರಲ್ಲಿ ಕಸುವಿಲ್ಲ, ಕ್ರಿಕೆಟ್ ಎಲ್ಲವನ್ನೂ ನುಂಗಿತು, ಮೊಬೈಲ್ ಬಂದ ಮೇಲೆ ನೋಡುವವರೇ ಇಲ್ಲ ಎಂಬ ಮಾತುಗಳವು. ವ್ಯಾಪಾರ ಬಲ್ಲವರು ಇವುಗಳನ್ನು ಹಾಗೆಯೇ ಒಪ್ಪಲಾಗದು. 2024ರ ನವೆಂಬರ್‌ನಲ್ಲಿ 58 ವರ್ಷದ ಟೈಸನ್ ಮತ್ತು ಅಂತರ್ಜಾಲದ ವಿಡಿಯೋಗಳಿಂದ ಹೆಸರಾದ 27 ವರ್ಷದ ಜೇಕ್ ಪಾಲ್ ನಡುವಿನ ಪಂದ್ಯವನ್ನು 6 ಕೋಟಿ ಮನೆಗಳಲ್ಲಿ ನೋಡಲಾಯಿತೆಂದು ಅದನ್ನು ಬಿತ್ತರಿಸಿದ ನೆಟ್‌ಫ್ಲಿಕ್ಸ್ ಪ್ರಕಟಿಸಿತು. ಕ್ರೀಡೆಯಾಗಿ ಅದು ನೀರಸ ಪಂದ್ಯ. ಆದರೆ ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ, ಅಂಗಡಿಯಲ್ಲಿ ಹೊಸ ಮಾಲಿಲ್ಲದೆ ಮೂವತ್ತು ವರ್ಷದ ಹಳೆಯ ದಾಸ್ತಾನನ್ನೇ ಧೂಳು ಕೊಡವಿ ಮಾರಲಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಲಿಯವರ ಕಾಲದಲ್ಲಿ ಏನಿತ್ತು? 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಅವರೂ ಜೋ ಫ್ರೇಜರ್ ಅವರೂ ಎದುರುಬದುರಾದಾಗ ಇಬ್ಬರೂ ಅದುವರೆಗೆ ಸೋಲರಿಯದವರು. ಅಂದು ಸೋತವರು ಅಲಿ. 1974ರಲ್ಲಿ ಮತ್ತೆ ಸೆಣಸಿ ಗೆದ್ದರು. 1975ರಲ್ಲಿ ಮನಿಲಾದಲ್ಲಿ ಮೂರನೆಯ ಬಾರಿ ಸೆಣಸಿ ಮತ್ತೆ ಗೆದ್ದರು. ಆ 1975ರಲ್ಲಿ ಅಲಿ ಆಡಿದ್ದು ಒಟ್ಟು ನಾಲ್ಕು ಪಂದ್ಯ, 1976ರಲ್ಲಿ ಇನ್ನೂ ನಾಲ್ಕು. ಜಗತ್ತಿನ ಓದುಗನಿಗೆ ಮೂರು ತಿಂಗಳಿಗೊಮ್ಮೆ ಅದೇ ಹೆಸರು ಪತ್ರಿಕೆಯಲ್ಲಿ ಕಾಣುತ್ತಿತ್ತು. ಆ ಹೆಸರಿನ ಬಲದಿಂದಲೇ 1980ರಲ್ಲಿ ಅವರು ಮದರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದಾಗ ಜನಸಾಗರ ಸೇರಿತು.

ಇಂದು ಅಗ್ರ ಮಲ್ಲನೊಬ್ಬನು ವರ್ಷಕ್ಕೆ ಒಂದೆರಡು ಬಾರಿ ಕಣಕ್ಕಿಳಿದರೆ ಹೆಚ್ಚು. ಸೋಲಿಲ್ಲದ ದಾಖಲೆಯೇ ಬಂಡವಾಳವೆಂಬ ಭಾವನೆ ಬೆಳೆದಿದೆ. ಆದಕಾರಣ ಸರಿಜೋಡಿಯನ್ನು ಆದಷ್ಟು ಕಾಲ ತಪ್ಪಿಸಿಕೊಳ್ಳುವುದೇ ಜಾಣತನವೆನಿಸಿದೆ. ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಾಕಿಯಾವೊ ನಡುವಿನ ಪಂದ್ಯದ ಮಾತುಕತೆ ಆರಂಭವಾದದ್ದು 2009ರಲ್ಲಿ, ಪಂದ್ಯ ನಡೆದದ್ದು 2015ರ ಮೇ 2ರಂದು. ಆ ವೇಳೆಗೆ ಒಬ್ಬರಿಗೆ 38 ವರ್ಷ, ಇನ್ನೊಬ್ಬರಿಗೆ 36. ಅಮೆರಿಕದಲ್ಲಿ 46 ಲಕ್ಷ ಮನೆಗಳು ತಲಾ 90ರಿಂದ 100 ಡಾಲರ್ ತೆತ್ತು ಅದನ್ನು ನೋಡಿದವು. ಅಂದಿನ ಲಾಭ ದೊಡ್ಡದೇ. ಆದರೆ ಆ ಹಣ ತೆರಲಾರದ ಮನೆಯ ಹತ್ತು ವರ್ಷದ ಹುಡುಗನಿಗೆ ಈ ಇಬ್ಬರೂ ಬರಿಯ ಹೆಸರುಗಳಾಗಿ ಉಳಿದರು. 1978ರಲ್ಲಿ ಅಲಿ ಮತ್ತು ಲಿಯಾನ್ ಸ್ಪಿಂಕ್ಸ್ ನಡುವೆ ನಡೆದ ಎರಡು ಪಂದ್ಯಗಳನ್ನೂ ಅಮೆರಿಕದ ಜನ ಸಾಮಾನ್ಯ ದೂರದರ್ಶನದಲ್ಲಿ ಪುಕ್ಕಟೆಯಾಗಿ ನೋಡಿದ್ದರು.

ಪಟ್ಟಗಳ ಕಥೆ ಇನ್ನೂ ಗೋಜಲು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು ಹದಿನೇಳು ತೂಕದ ವರ್ಗಗಳಲ್ಲಿ ತಮ್ಮ ತಮ್ಮ ವಿಶ್ವಚಾಂಪಿಯನ್ನರನ್ನು ಸಾರುತ್ತವೆ. ಒಂದೇ ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಮುದ್ರೆಯ ಸೇರುಗಳಿದ್ದರೆ ಯಾರ ಅಳತೆಯನ್ನು ನಂಬುವುದು? 1999ರಲ್ಲಿ ಲೆನಾಕ್ಸ್ ಲೂಯಿಸ್ ನಿರ್ವಿವಾದ ಹೆವಿವೇಟ್ ಚಾಂಪಿಯನ್ ಆದ ಮೇಲೆ ಅಂತಹ ಇನ್ನೊಬ್ಬರು ದೊರೆತದ್ದು 2024ರ ಮೇ ತಿಂಗಳಲ್ಲಿ, ಉಸಿಕ್ ಅವರು ಟೈಸನ್ ಫ್ಯೂರಿಯನ್ನು ರಿಯಾದಿನಲ್ಲಿ ಸೋಲಿಸಿದಾಗ. ಅದೇ ಜೂನ್‌ನಲ್ಲಿ, ಇನ್ನೂ ಎರಡು ತಿಂಗಳು ಕಳೆಯುವುದರೊಳಗೆ, ನಾಲ್ಕರಲ್ಲಿ ಒಂದು ಪಟ್ಟವನ್ನು ಅವರು ಬಿಟ್ಟುಕೊಟ್ಟರು. ಭಾರತದ ಸ್ಥಿತಿಯೂ ಸಂತೋಷಪಡುವಂಥದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್ ಕಂಚು ಗೆದ್ದು ಉತ್ಸಾಹ ಹುಟ್ಟಿಸಿದರು. 2012ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಸಂಸ್ಥೆಯೇ ಅಮಾನತುಗೊಂಡು, 2016ರಲ್ಲಿ ಹೊಸ ಸಂಸ್ಥೆ ರಚನೆಯಾಗುವವರೆಗೆ ವ್ಯವಸ್ಥೆ ಅಸ್ತವ್ಯಸ್ತವಾಗಿಯೇ ಉಳಿಯಿತು. 2015ರಲ್ಲಿ ವೃತ್ತಿಪರರಾದ ವಿಜೇಂದರ್‌ಗೆ ದೇಶದಲ್ಲಿ ಫ್ರೇಜರ್‌ನಂತಹ ಸರಿಜೋಡಿಯೊಬ್ಬರು ಒದಗಲಿಲ್ಲ.

ಈ ವಿಚಾರ ನಮ್ಮ ಸೀಮೆಗೆ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಈ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಆ ಹೆಸರಿನ ರಾಜಧಾನಿಗೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲಕಾಳಗವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನು ಕಂಡದ್ದು ತನ್ನ ನಾಡಿನ ಕುಸ್ತಿಯಂತಿರಲಿಲ್ಲ. ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರಗೊಳಿಸುವ ಹೊಡೆತಗಳಿದ್ದವು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಬಾಕ್ಸಿಂಗ್ ಎಂಬ ಹೆಸರು ಬರುವ ಮೊದಲೇ ಅದರ ಸೋದರನೊಂದು ಇಲ್ಲಿತ್ತು. ಮೈಸೂರು ಅರಮನೆಯಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಅಂತಹ ಪರಂಪರೆಯ ಉಳಿಕೆ. ಆದರೆ ಪಾಯಸನ ಬರಹದಲ್ಲಿ ವರ್ತಕರು ಗಮನಿಸಬೇಕಾದ ಸಂಗತಿ ರಕ್ತದ್ದಲ್ಲ. ಆ ಕಣದಲ್ಲಿ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವುದು, ಗೆದ್ದವನಿಗೆ ತಕ್ಕ ಮರ್ಯಾದೆಯನ್ನು ನಿರ್ಣಯಿಸುವುದು ಅವರ ಕೆಲಸವಾಗಿತ್ತು. ಐದು ನೂರು ವರ್ಷಗಳ ಹಿಂದೆ ಇದ್ದ ಆ ವ್ಯವಸ್ಥೆ ಇಂದಿನ ಜಾತ್ರೆಯ ಕಣದಲ್ಲಿ ಎಷ್ಟು ಉಳಿದಿದೆ?

ಈಗಿನ ಪದ್ಧತಿಯನ್ನು ಬಲ್ಲದವರಿಲ್ಲ. ಪೇಟೆಯ ಅಂಗಡಿಗಳಲ್ಲಿ ಚಂದಾ ಎತ್ತಲಾಗುತ್ತದೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬೆಳಗಾವಿಗಳ ಕಡೆಯಿಂದ ಪೈಲ್ವಾನರು ಬರುತ್ತಾರೆ. ಕರಪತ್ರದಲ್ಲಿ ಚಂದಾ ಕೊಟ್ಟವರ, ಉದ್ಘಾಟಕರ, ಮುಖ್ಯ ಅತಿಥಿಗಳ ಹೆಸರುಗಳು ದಪ್ಪ ಅಕ್ಷರದಲ್ಲಿದ್ದು, ಸೆಣಸುವವರು ಮಾತ್ರ ‘ಹೆಸರಾಂತ ಪೈಲ್ವಾನರು’ ಎಂಬ ಎರಡೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ಜೋಡಿ ಕಟ್ಟುವುದು ಹಲಗೆಯ ಸದ್ದಿನ ನಡುವೆ, ಕಣದ ಅಂಚಿನಲ್ಲಿ, ಕಣ್ಣಳತೆಯಿಂದ. ಕೆಲವು ಕುಸ್ತಿಗಳು ಒಪ್ಪಂದದವೆಂದು ಮೊದಲ ಸಾಲಿನ ಹುಡುಗನಿಗೂ ಗೊತ್ತಾಗುತ್ತದೆ. ಸೋತರೆ ಮುಂದಿನ ಊರಿನ ಕರೆ ತಪ್ಪೀತೆಂಬ ಭಯ ಇಲ್ಲಿಯೂ ಉಂಟು. ಸಂಜೆ ಗೆದ್ದವನ ಕೈಗೆ ಕಡಗ ತೊಡಿಸಿ, ಫೋಟೋ ತೆಗೆದು, ಬಸ್ಸು ಹತ್ತಿಸಿದರೆ ಮುಗಿಯಿತು. ಯಾರು ಯಾರನ್ನು ಯಾವ ಪಟ್ಟಿನಿಂದ ಎಷ್ಟು ನಿಮಿಷದಲ್ಲಿ ಚಿತ್ತು ಮಾಡಿದನೆಂಬ ಒಂದು ಸಾಲೂ ಎಲ್ಲಿಯೂ ದಾಖಲಾಗುವುದಿಲ್ಲ. ಕಾಲು ಕ್ವಿಂಟಲ್ ಹುಣಸೆಹಣ್ಣಿನ ಲೆಕ್ಕವನ್ನು ಏಳು ವರ್ಷ ಜೋಪಾನ ಮಾಡುವ ಪೇಟೆಯಿದು!

ದಾಖಲೆಯೂ ಮರುಭೇಟಿಯೂ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕಬಡ್ಡಿಯೇ ನಿದರ್ಶನ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ದೊರೆತದ್ದು 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ ಅವರ ಬೆಲೆ 1.51 ಕೋಟಿ. ಆ ಋತುವಿನಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದಾಗ ಅಂತಿಮ ಪಂದ್ಯದಲ್ಲಿ 22 ಅಂಕ ತಂದ ಪವನ್ ಸೆಹ್ರಾವತ್ ಕನ್ನಡನಾಡಿನ ಹಳ್ಳಿಹಳ್ಳಿಯಲ್ಲಿ ಮನೆಮಾತಾದರು. 2023ರ ಹರಾಜಿನಲ್ಲಿ ಅವರ ಬೆಲೆ 2.60 ಕೋಟಿ ರೂಪಾಯಿ ದಾಟಿತು. ನಾಲ್ಕೇ ವರ್ಷದಲ್ಲಿ ಆಟಗಾರರ ತೋಳ್ಬಲ ಹತ್ತು ಪಟ್ಟು ಹೆಚ್ಚಲಿಲ್ಲ. ಅದೇ ಮುಖ, ಅದೇ ಸಂಖ್ಯೆಯ ಅಂಗಿ, ಅದೇ ಎದುರಾಳಿ, ಗೊತ್ತಾದ ವೇಳೆಗೆ ಮರಳಿ ಮರಳಿ ಕಂಡದ್ದೇ ವ್ಯತ್ಯಾಸ. ಕುಸ್ತಿಗೂ ಲೀಗ್ ಬಂತು, 2015ರಲ್ಲಿ. ನಾಲ್ಕು ಆವೃತ್ತಿಗಳ ಬಳಿಕ, 2019ರಲ್ಲಿ, ಅದು ನಿಂತಿತು. ಬಿಟ್ಟು ಬಿಟ್ಟು ತೆರೆಯುವ ಅಂಗಡಿಗೆ ಖಾಯಂ ಗಿರಾಕಿ ಹುಟ್ಟುವುದಿಲ್ಲ.

ಈ ಸೀಮೆಗೆ ಬೇಕಾದ ವೇಳಾಪಟ್ಟಿ ಪಂಚಾಂಗದಲ್ಲಿ ಆಗಲೇ ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಕಾರಣಿಕ, ಕುರುವತ್ತಿಯಲ್ಲಿ ಶಿವರಾತ್ರಿಯ ಜಾತ್ರೆ, ಅದೇ ಸುಮಾರಿಗೆ ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಯುಗಾದಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಗ್ರಾಮದೇವತೆಯ ಜಾತ್ರೆಗಳು ಬೇರೆ. ಜನ ಸೇರುವುದಕ್ಕೆ ಪ್ರಚಾರದ ಖರ್ಚೇ ಇಲ್ಲ. ತಾಲ್ಲೂಕಿಗೊಂದರಂತೆ ಐದು ಕಣಗಳು, ಐದಕ್ಕೂ ಒಂದೇ ನಿಯಮ, ಒಂದೇ ತಕ್ಕಡಿ, ತೂಕವಾರು ಅದೇ ಎಂಟೆಂಟು ಮಂದಿ, ಐದೂ ಊರುಗಳಲ್ಲಿ ಹಾಜರಿ ಕಡ್ಡಾಯ, ಕೊನೆಯ ಕಣದಲ್ಲಿ ಪಟ್ಟ: ಇಷ್ಟನ್ನು ವರ್ತಕರ ಸಂಘಗಳು ಒಪ್ಪಿಕೊಂಡರೆ ಫೆಬ್ರವರಿಯಲ್ಲಿ ಸೋತವನು ಏಪ್ರಿಲ್‌ನಲ್ಲಿ ಸೇಡು ತೀರಿಸಿಕೊಳ್ಳುವುದನ್ನು ನೋಡಲು ಹಡಗಲಿಯವನು ಕೂಡ್ಲಿಗಿಗೆ ಬಂದಾನು. ಸ್ಥಳೀಯ ಹುಡುಗರಿಗೆ, ಹುಡುಗಿಯರಿಗೂ ಸಹ, ಅರ್ಧ ಸ್ಥಾನ ಮೀಸಲಿಡುವುದು ಅವಶ್ಯ.

ಹಣವೆಲ್ಲಿಂದ ಎಂಬ ಪ್ರಶ್ನೆ ಸಹಜ. ಹೊಸ ಹಣ ಬೇಕಾಗುವುದು ಸ್ವಲ್ಪವೇ. ಇರುವ ಹಣವನ್ನು ಬೇರೆ ರೀತಿಯಲ್ಲಿ ಹಂಚಬೇಕು. ಒಂದು ಜಾತ್ರೆಗೆ ಒಂದು ಲಕ್ಷ ರೂಪಾಯಿ ಕೂಡಿತೆಂದು ಇಟ್ಟುಕೊಂಡರೆ, ಹೊರಗಿನ ಒಬ್ಬ ದೊಡ್ಡ ಪೈಲ್ವಾನನ ಒಂದು ಸಂಜೆಗೆ ಅದರ ಅರ್ಧವನ್ನು ಸುರಿಯುವ ಬದಲು ಮೂರರಲ್ಲೊಂದು ಪಾಲನ್ನು ತೆಗೆದಿರಿಸಿ ಸ್ಥಳೀಯ ಗರಡಿಗಳ ಹುಡುಗರ ಹಾಲು, ಮೊಟ್ಟೆ, ಬಾದಾಮಿಗೂ ಅಪಘಾತ ವಿಮೆಯ ಕಂತಿಗೂ ಬಳಸಬಹುದು. ವಿಮೆಯ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ ಮಾಡುವ ಯುವಕನೇ ಜಾತ್ರೆಯಲ್ಲಿ ಲಂಗೋಟಿ ಕಟ್ಟಿ ಇಳಿಯುವುದುಂಟು. ಭುಜ ಜಾರಿದರೆ ಅವನಿಗೆ ಮೂರು ತಿಂಗಳ ಕೂಲಿಯಿಲ್ಲ. ಮನೆಯವರು ಗರಡಿಯ ಬಾಗಿಲು ಮುಚ್ಚಿಸುವುದು ಆ ದಿನವೇ.

ಇದರಿಂದ ಪಂದ್ಯ ಕಟ್ಟುವವರು ಹೆಚ್ಚಾರೆಂಬ ಆಕ್ಷೇಪ ಬರುತ್ತದೆ, ಅದು ಸುಳ್ಳೂ ಅಲ್ಲ. ಹೆಸರಿರುವಲ್ಲಿ ಜೂಜು ಬರುತ್ತದೆ. ಬಾಕ್ಸಿಂಗ್ ಈ ಪಿಡುಗಿನಿಂದ ಇಂದಿಗೂ ಬಿಡುಗಡೆ ಪಡೆದಿಲ್ಲ. ತೀರ್ಪುಗಾರರು ಐದೂ ತಾಲ್ಲೂಕುಗಳ ಹೊರಗಿನವರಾಗಿರಬೇಕೆಂಬ ನಿಯಮವನ್ನು ಮೊದಲ ವರ್ಷದಿಂದಲೇ ಇಡುವುದು ಲೇಸು. ದಾವಣಗೆರೆಯ ಕ್ರೀಡಾ ವಸತಿನಿಲಯದಲ್ಲಿ ಕುಸ್ತಿಯ ತರಬೇತಿ ಬಹುಕಾಲದಿಂದ ನಡೆದುಬಂದಿರುವುದರಿಂದ ನಿಯಮ ಬಲ್ಲವರಿಗೆ ದೂರ ಹೋಗಬೇಕಾಗಿಲ್ಲ.

ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ವೇಳೆಗೆ ಜೋಡಿಗಳ ಹೆಸರು ನಿಶ್ಚಯವಾಗಿರಬೇಕಾದರೆ ಐದೂ ಊರುಗಳ ಸಮಿತಿಯವರು ದೀಪಾವಳಿಯ ಲೆಕ್ಕಪುಸ್ತಕದ ಪೂಜೆ ಮುಗಿದ ವಾರದಲ್ಲಿಯೇ ಒಂದೆಡೆ ಕೂಡಬೇಕಾಗುತ್ತದೆ. ಕೊಟ್ಟೂರು ಉಳಿದ ನಾಲ್ಕಕ್ಕೂ ನಡುವೆ ಇದೆ. ಪೈಲ್ವಾನರ ವಹಿಯನ್ನು ಅಂದೇ ತೆರೆಯಬಹುದು.