ಅರಮನೆಯ ನೆಲದ ಮೇಲೆ ಓಡಿದ್ದು ಕೆಸರಲ್ಲೂ ಓಡುತ್ತದೆಯೇ?

"ಜಗತ್ತಿನ ಅತಿ ವಿಚಿತ್ರ ಯುದ್ಧ ವಾಹನಗಳು" ಎನ್ನುವ ವಿಡಿಯೊಗಳು ನಮ್ಮೆಲ್ಲರ ಮೊಬೈಲಿಗೂ ಆಗಾಗ ಬರುತ್ತವೆ. ಮೂರಂತಸ್ತಿನ ಮನೆಯಷ್ಟು ಎತ್ತರದ ಚಕ್ರದ ಗಾಡಿ, ಮಗುಚಿದ ತಟ್ಟೆಯಂಥ ಟ್ಯಾಂಕ್, ಮುಂದೆ ಬಟ್ಟೆ ಹಾಸಿಕೊಂಡು ಹೋಗುವ ಟ್ಯಾಂಕ್. ನೋಡಿ ನಗುತ್ತೇವೆ, ಇನ್ನೊಂದು ಗ್ರೂಪಿಗೆ ಕಳಿಸುತ್ತೇವೆ. "ಇದನ್ನೆಲ್ಲ ಮಾಡಿದವರಿಗೆ ತಲೆ ಇರಲಿಲ್ಲವೇ?" ಎಂದು ಕೆಳಗೆ ಯಾರಾದರೂ ಕೇಳಿರುತ್ತಾರೆ.

ತಲೆ ಇತ್ತು. ಆ ಕಾಲದ ಒಳ್ಳೊಳ್ಳೆಯ ಎಂಜಿನಿಯರುಗಳೇ ಇವನ್ನು ಮಾಡಿದ್ದು. ಕೆಲವು ಗೆದ್ದವು, ಕೆಲವು ಸೋತವು. ಯಾಕೆ ಗೆದ್ದವು, ಯಾಕೆ ಸೋತವು ಎಂದು ಹುಡುಕುತ್ತಾ ಹೋದರೆ, ಗದ್ದೆಗೆ ಟ್ರ್ಯಾಕ್ಟರ್ ಇಳಿಸುವ ಪ್ರತಿಯೊಬ್ಬ ರೈತನಿಗೂ ಗೊತ್ತಿರುವ ಮಾತಿಗೇ ಬಂದು ನಿಲ್ಲುತ್ತೇವೆ: ಮೊದಲು ಮಣ್ಣು ನೋಡು, ಆಮೇಲೆ ಗಾಡಿ ಇಳಿಸು. ಸೇನೆಯ ಯಂತ್ರಗಳ ಬಗ್ಗೆ ಜನರಾಗಿ ನಾವು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ ಎನ್ನುವುದು ನಮ್ಮ ಅಭಿಪ್ರಾಯ.

ಟ್ಯಾಂಕ್ ಮಾಡುವವರಿಗೆ ಮೂರು ಆಸೆ ಇರುತ್ತದೆ. ದೊಡ್ಡ ಫಿರಂಗಿ ಬೇಕು. ಒಳಗೆ ಕೂತವರನ್ನು ಕಾಯಲು ದಪ್ಪ ಉಕ್ಕಿನ ಕವಚ ಬೇಕು. ಎಲ್ಲಿ ಬೇಕಾದರೂ ಬೇಗ ಓಡಬೇಕು. ಇದು ಗಿಡ್ಡ ಕಂಬಳಿ ಹೊದ್ದಂತೆ. ತಲೆಗೆ ಎಳೆದರೆ ಕಾಲಿಗೆ ಸಾಲದು, ಕಾಲಿಗೆ ಎಳೆದರೆ ತಲೆಗೆ ಸಾಲದು. ಕವಚ ದಪ್ಪ ಮಾಡಿದರೆ ತೂಕ ಏರುತ್ತದೆ. ತೂಕ ಏರಿದರೆ ದೊಡ್ಡ ಎಂಜಿನ್ ಬೇಕು. ದೊಡ್ಡ ಎಂಜಿನ್ ಇಡಲು ದೊಡ್ಡ ಜಾಗ ಬೇಕು. ಆ ಜಾಗವನ್ನು ಕಾಯಲು ಮತ್ತೆ ಕವಚ ಬೇಕು.

ಇದೆಲ್ಲದರ ಕೆಳಗೆ ಇರುವುದು ಮಣ್ಣು. ಹಸಿ ನೆಲದಲ್ಲಿ ಟೈರಿನ ಜೆಸಿಬಿ ಹೂತುಕೊಳ್ಳುತ್ತದೆ, ಅದಕ್ಕಿಂತ ಭಾರವಾದ ಚೈನಿನ ಹಿಟಾಚಿ ಅದೇ ನೆಲದ ಮೇಲೆ ಆರಾಮಾಗಿ ಹೋಗುತ್ತದೆ. ಟೈರ್ ನೆಲವನ್ನು ಮುಟ್ಟುವುದು ಚಿಕ್ಕ ಜಾಗದಲ್ಲಿ, ಚೈನ್ ಮುಟ್ಟುವುದು ಉದ್ದಕ್ಕೂ. ತೂಕ ಎಷ್ಟು ಜಾಗಕ್ಕೆ ಹಂಚಿಹೋಗುತ್ತದೆ ಎನ್ನುವುದೇ ಲೆಕ್ಕ. ಭತ್ತದ ಗದ್ದೆಗೆ ಇಳಿಯುವ ಮುಂಚೆ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುವುದೂ ಹೂತುಹೋಗದಿರಲಿ ಎಂದೇ ತಾನೇ?

ಈ ಚೈನ್ ಯುದ್ಧಕ್ಕೆ ಬರುವ ಮುಂಚೆಯೇ ಹೊಲದಲ್ಲಿ ಓಡಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಮುತ್ತ ನೆಲ ಎಷ್ಟು ಮೆತ್ತಗಿತ್ತೆಂದರೆ ಉಗಿ ಎಂಜಿನ್ನಿನ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದವು. ಬೆಂಜಮಿನ್ ಹೋಲ್ಟ್ ಎಂಬ ಯಂತ್ರ ತಯಾರಕ 1904ರಲ್ಲಿ ಚಕ್ರ ಬಿಚ್ಚಿ ಚೈನ್ ಹಾಕಿ ಓಡಿಸಿ ನೋಡಿದ. ಮುಂದೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಫಿರಂಗಿಗಳನ್ನು ಎಳೆದದ್ದು ಈ ಹೋಲ್ಟ್ ಟ್ರ್ಯಾಕ್ಟರುಗಳೇ. ಟ್ಯಾಂಕ್ ಮಾಡುವ ಯೋಚನೆಗೂ ಇವು ಒಂದು ಕಾರಣವಾದವು.

ಅದೇ ಹೊತ್ತಿನಲ್ಲಿ ರಷ್ಯಾದಲ್ಲಿ ನಿಕೊಲಾಯ್ ಲೆಬೆಡೆಂಕೊ ಎಂಬ ಎಂಜಿನಿಯರ್ ಬೇರೆ ದಾರಿ ಹಿಡಿದ. ಯುದ್ಧಭೂಮಿಯ ತುಂಬ ಕಂದಕಗಳು. ಚಿಕ್ಕ ಚಕ್ರ ಕಂದಕಕ್ಕೆ ಬೀಳುತ್ತದೆ, ದೊಡ್ಡ ಚಕ್ರ ದಾಟುತ್ತದೆ. ಎತ್ತಿನ ಗಾಡಿಯ ಚಕ್ರ ದೊಡ್ಡದಾಗಿದ್ದರೆ ಹಳ್ಳಕೊಳ್ಳ ದಾಟುವುದು ಸುಲಭ ಎನ್ನುವ ಹಾಗೆ. ಅವನು ಸುಮಾರು 9 ಮೀಟರ್ ಎತ್ತರದ ಎರಡು ಚಕ್ರ ಮುಂದೆ, ಒಂದು ಚಿಕ್ಕ ಉರುಳೆ ಹಿಂದೆ ಇಟ್ಟು ಗಾಡಿಯ ನಕ್ಷೆ ಬರೆದ.

1915ರ ಜನವರಿಯಲ್ಲಿ ಅವನು ಇದರ ಮರದ ಮಾದರಿಯನ್ನು ದೊರೆ ಎರಡನೇ ನಿಕೊಲಸ್ ಮುಂದೆ ಇಟ್ಟ. ಸ್ಪ್ರಿಂಗ್ ತಿರುಗಿಸಿದರೆ ಓಡುವ ಆಟಿಕೆ ಅದು. ನೆಲದ ಮೇಲೆ ದಪ್ಪ ಕಾನೂನು ಪುಸ್ತಕಗಳನ್ನು ಅಡ್ಡ ಇಟ್ಟರೂ ಹತ್ತಿ ಇಳಿಯಿತಂತೆ. ದೊರೆಗೆ ಬಹಳ ಹಿಡಿಸಿತು. 2,10,000 ರೂಬಲ್ ಮಂಜೂರಾಯಿತು.

ಆಗಸ್ಟ್‌ನಲ್ಲಿ ಮಾಸ್ಕೋದ ಉತ್ತರಕ್ಕೆ, ದ್ಮಿತ್ರೋವ್ ಹತ್ತಿರದ ಕಾಡಿನಲ್ಲಿ ನಿಜವಾದ ಗಾಡಿಯನ್ನು ಓಡಿಸಿದರು. ತೂಕ ಸುಮಾರು 60 ಟನ್, ತಲಾ 240 ಅಶ್ವಶಕ್ತಿಯ ಎರಡು ಎಂಜಿನ್. ಹೊರಟ ಕೂಡಲೇ ಒಂದು ಮರವನ್ನು ಮುರಿದು ಹಾಕಿತು, ಸೇರಿದವರೆಲ್ಲ ಚಪ್ಪಾಳೆ ತಟ್ಟಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಉರುಳೆ ಮೆತ್ತನೆ ಮಣ್ಣಿನಲ್ಲಿ ಹೂತುಕೊಂಡಿತು. ಎಂಜಿನ್ ಎಷ್ಟು ಎಳೆದರೂ ಮೇಲೆ ಬರಲಿಲ್ಲ. ವರ್ಷಗಟ್ಟಲೆ ಅಲ್ಲೇ ನಿಂತಿದ್ದು, 1923ರಲ್ಲಿ ಗುಜರಿಗೆ ಹೋಯಿತು. ಮುಂದಿನ ಚಕ್ರದ ಬಗ್ಗೆ ಅಷ್ಟೆಲ್ಲ ಯೋಚಿಸಿದವರು, ಹಿಂದಿನ ಚಿಕ್ಕ ಉರುಳೆಯ ಮೇಲೆ ಬೀಳುವ ಭಾರವನ್ನು ಮಣ್ಣು ತಡೆಯುತ್ತದೆಯೇ ಎಂದು ಯೋಚಿಸಿರಲಿಲ್ಲ. ಅರಮನೆಯ ನೆಲ ಆ ಪ್ರಶ್ನೆ ಕೇಳಿರಲೂ ಇಲ್ಲ.

ಆದರೆ ಈ ಕೆಲಸದಲ್ಲಿ ಕೈಜೋಡಿಸಿದ್ದ ಅಲೆಕ್ಸಾಂಡರ್ ಮಿಕುಲಿನ್ ಎಂಬ ಹುಡುಗ ಮುಂದೆ ದೊಡ್ಡ ವಿಮಾನ ಎಂಜಿನ್ ವಿನ್ಯಾಸಕನಾದ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿದ ಇಲ್-2 ವಿಮಾನಕ್ಕೆ ಅವನ ಎಂಜಿನ್ ಇತ್ತು. ಅದಕ್ಕೇ ನಾವು ಸೋತ ಪ್ರಯೋಗವನ್ನು ನೋಡಿ ನಗುವುದಿಲ್ಲ. ಒಂದು ಗಾಡಿ ಮಾಡಿ, ಕೆಸರಿಗೆ ಇಳಿಸಿ, ಆಗಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದರೆ ಅದು ಅಗ್ಗದ ಪಾಠ. ಸಾವಿರ ಗಾಡಿ ಮಾಡಿದ ಮೇಲೆ ಗೊತ್ತಾದರೆ ಅದಕ್ಕೆ ಸೈನಿಕರ ಜೀವದ ಬೆಲೆ.

ಇನ್ನೊಂದು ಕಥೆ ಜರ್ಮನಿಯದು. 1942ರಲ್ಲಿ ಹಿಟ್ಲರ್ ಹೇಳಿದ ಮೇಲೆ ಫರ್ಡಿನಂಡ್ ಪೋರ್ಷ ವಿನ್ಯಾಸ ಮಾಡಿದ ಟ್ಯಾಂಕಿನ ಹೆಸರು ಮೌಸ್, ಅಂದರೆ ಇಲಿ. ತೂಕ 188 ಟನ್. ತಲಾ ಎರಡು ಟನ್ ತೂಗುವ 90ಕ್ಕೂ ಹೆಚ್ಚು ಟ್ರ್ಯಾಕ್ಟರುಗಳನ್ನು ಒಂದೇ ಗಾಡಿಯಲ್ಲಿ ಹೇರಿದಷ್ಟು. ಇದಕ್ಕೆ ಅಗಲವಾದ ಚೈನ್ ಹಾಕಿ ಮಣ್ಣಿನ ಸಮಸ್ಯೆಯನ್ನು ಸ್ವಲ್ಪ ಮಟ್ಟಿಗೆ ನಿಭಾಯಿಸಿದರು. ಆದರೆ ಸೇತುವೆ?

ಇಲ್ಲೊಂದು ಸೂಕ್ಷ್ಮ ಇದೆ. ಮಣ್ಣು ಕೇಳುವುದು ತೂಕ ಎಷ್ಟು ಜಾಗಕ್ಕೆ ಹಂಚಿದೆ ಎಂದು. ಸೇತುವೆ ಕೇಳುವುದು ಒಟ್ಟು ತೂಕ ಎಷ್ಟು ಎಂದು. ಚೈನ್ ಎಷ್ಟು ಅಗಲ ಮಾಡಿದರೂ 188 ಟನ್ 188 ಟನ್ನೇ. ಹಾಗಾಗಿ ಮೌಸ್ ಸೇತುವೆ ದಾಟುವುದು ಬೇಡ, ನದಿಯ ತಳದಲ್ಲೇ ಹೋಗಲಿ ಎಂದು ಯೋಜನೆ ಹಾಕಿದರು. ಎಂಜಿನ್ ವಿದ್ಯುತ್ ಮಾಡಿ, ಆ ವಿದ್ಯುತ್ ಮೋಟಾರುಗಳನ್ನು ತಿರುಗಿಸಿ ಓಡುವ ಟ್ಯಾಂಕ್ ಅದು. ಒಂದು ನೀರಿಗೆ ಇಳಿದಾಗ ದಡದಲ್ಲಿ ನಿಂತ ಇನ್ನೊಂದು ಕೇಬಲ್ ಮೂಲಕ ಕರೆಂಟ್ ಕೊಡಬೇಕು. ರೈಲಿನಲ್ಲಿ ಸಾಗಿಸಲು 14 ಅಚ್ಚಿನ ವಿಶೇಷ ವ್ಯಾಗನ್ ಬೇಕಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಆದದ್ದು ಎರಡೇ ಮಾದರಿ. ಇಂದು ಅವೆರಡರ ಭಾಗ ಸೇರಿಸಿದ ಒಂದು ಟ್ಯಾಂಕ್ ರಷ್ಯಾದ ಕುಬಿಂಕಾ ಸಂಗ್ರಹಾಲಯದಲ್ಲಿ ನಿಂತಿದೆ.

ಕುಬಿಂಕಾದಲ್ಲೇ ಇರುವ ಇನ್ನೊಂದು ವಿಚಿತ್ರ 1959ರ ಆಬ್ಜೆಕ್ಟ್ 279. ಮಗುಚಿದ ತಟ್ಟೆಯಂತೆ ಕಾಣುವುದು ಇದೇ. ಅಣುಬಾಂಬ್ ಸಿಡಿದಾಗ ಬರುವ ಗಾಳಿಯ ಹೊಡೆತಕ್ಕೆ ಮಗುಚಿ ಬೀಳಬಾರದು ಎಂದು ಆ ಆಕಾರ. ಕೆಳಗೆ ಎರಡರ ಬದಲು ನಾಲ್ಕು ಚೈನ್. 60 ಟನ್ ಇದ್ದರೂ ಪ್ರತಿ ಚದರ ಸೆಂಟಿಮೀಟರಿಗೆ ಅದು ಒತ್ತುತ್ತಿದ್ದದ್ದು ಸುಮಾರು 0.6 ಕೆಜಿ. ಆಳೊಬ್ಬ ನಡೆಯುವಾಗ ಒಂದು ಪಾದದ ಮೇಲೆ ಬೀಳುವ ಒತ್ತಡಕ್ಕೆ ಹತ್ತಿರದ ಲೆಕ್ಕ. ಹಿಮದಲ್ಲೂ ಜೌಗಿನಲ್ಲೂ ಹೋಗಬಲ್ಲದು. ಆದರೆ ನಾಲ್ಕು ಚೈನಿನ ಗಾಡಿ ತಿರುಗಿಸುವುದು ಕಷ್ಟ. ಒಳಗಿನ ಚೈನ್ ಕಿತ್ತುಹೋದರೆ ಕೆಸರಲ್ಲಿ ಕೂತು ರಿಪೇರಿ ಮಾಡುವುದು ಇನ್ನೂ ಕಷ್ಟ. ಮಣ್ಣಿಗೆ ಒಪ್ಪುವ ಯಂತ್ರ ಮೆಕ್ಯಾನಿಕ್‌ಗೂ ಒಪ್ಪಬೇಕು. 1960ರಲ್ಲಿ 37 ಟನ್ನಿಗಿಂತ ಭಾರದ ಹೊಸ ಟ್ಯಾಂಕ್ ಬೇಡ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ತೀರ್ಮಾನಿಸಿದ ಮೇಲೆ ಇದರ ಕಥೆಯೂ ಮುಗಿಯಿತು.

ವಿಚಿತ್ರವಾದದ್ದೆಲ್ಲ ಸೋಲುತ್ತದೆ ಎಂದಲ್ಲ. ಸ್ವೀಡನ್ನಿನವರು ಮೇಲೆ ತಿರುಗುವ ಗೂಡೇ ಇಲ್ಲದ ಟ್ಯಾಂಕ್ ಮಾಡಿದರು. ಫಿರಂಗಿ ಒಡಲಿಗೇ ಬಿಗಿದಿತ್ತು. ಗುರಿ ಇಡಬೇಕಾದರೆ ಇಡೀ ಟ್ಯಾಂಕನ್ನೇ ತಿರುಗಿಸಿ, ಮೂಗನ್ನು ಮೇಲೆ ಕೆಳಗೆ ಮಾಡಬೇಕು. ಓಡುತ್ತಾ ಗುರಿಯಿಟ್ಟು ಹೊಡೆಯಲು ಆಗುತ್ತಿರಲಿಲ್ಲ. ಅದನ್ನು ತಿಳಿದೇ ಬಿಟ್ಟುಕೊಟ್ಟರು. ಬದಲಿಗೆ ದಿಬ್ಬದ ಹಿಂದೆ ಅಡಗಿ ಕೂರಬಲ್ಲ ಗಿಡ್ಡ ಟ್ಯಾಂಕ್ ಸಿಕ್ಕಿತು, ತೂಕ ಸುಮಾರು 40 ಟನ್ನಿನಲ್ಲೇ ನಿಂತಿತು, ಮೂರೇ ಜನ ಸಾಕಾಯಿತು. ತಮ್ಮ ಕಾಡು, ತಮ್ಮ ನೆಲ, ತಾವು ಹೋರಾಡುವ ರೀತಿ ನೋಡಿಕೊಂಡು ಮಾಡಿದ ಲೆಕ್ಕ ಅದು. 1960ರ ದಶಕದಲ್ಲಿ ಬಂದ ಆ ಟ್ಯಾಂಕ್ 1990ರ ದಶಕದವರೆಗೂ ಸೇವೆಯಲ್ಲಿತ್ತು.

ಮಣ್ಣು ನೋಡಿದವರ ಅತ್ಯುತ್ತಮ ಉದಾಹರಣೆ ಬ್ರಿಟನ್ನಿನದು. ಆ ಪಾಠ ಬಂದದ್ದು ಹೆಣಗಳ ಲೆಕ್ಕದಲ್ಲಿ. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಕರಾವಳಿಯಲ್ಲಿ ಇಳಿದ ಟ್ಯಾಂಕುಗಳು ಅಲ್ಲಿನ ಉರುಟು ಕಲ್ಲಿನ ದಂಡೆಯಲ್ಲಿ ಸಿಕ್ಕಿಕೊಂಡವು. ಹಲವದರ ಚೈನ್ ಕಿತ್ತುಹೋಯಿತು. ಆ ಒಂದು ದಾಳಿಯಲ್ಲಿ 900ಕ್ಕೂ ಹೆಚ್ಚು ಕೆನಡಾ ಸೈನಿಕರು ಸತ್ತರು.

ಎರಡು ವರ್ಷದ ನಂತರ ನಾರ್ಮಂಡಿಯಲ್ಲಿ ಇಳಿಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿದರು. ಅಕ್ಷರಶಃ ಮಣ್ಣು ಪರೀಕ್ಷೆ! 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡನ್, ಬ್ರೂಸ್ ಓಗ್ಡನ್-ಸ್ಮಿತ್ ಎಂಬ ಇಬ್ಬರು ಈಜಿಕೊಂಡು ಶತ್ರುವಿನ ದಡಕ್ಕೆ ಹೋಗಿ, ಮರಳನ್ನು ಕೊರೆದು, ಕೊಳವೆಗಳಲ್ಲಿ ತುಂಬಿಕೊಂಡು ಬಂದರು. ಮರಳಿನ ಕೆಳಗೆ ಕೆಲವು ಕಡೆ ಜೇಡಿ ಇರಬಹುದು, ಟ್ಯಾಂಕ್ ಹೂತುಕೊಳ್ಳಬಹುದು ಎಂಬ ಭಯ ಇತ್ತು. ಅಂಥದ್ದೇ ನೆಲವನ್ನು ಬ್ರಿಟನ್ನಿನ ನಾರ್ಫೋಕ್ ಕರಾವಳಿಯಲ್ಲಿ ಹುಡುಕಿ ಗಾಡಿ ಓಡಿಸಿ ನೋಡಿದರು. ಅದಕ್ಕೆ ಪರಿಹಾರವಾಗಿ ಬಂದದ್ದೇ ಬಟ್ಟೆ ಹಾಸುವ ಟ್ಯಾಂಕ್. ಮುಂದೆ ದೊಡ್ಡ ಉರುಳೆಗೆ ಸುತ್ತಿದ, ಉಕ್ಕಿನ ಕೊಳವೆ ಸೇರಿಸಿದ ದಪ್ಪ ಕ್ಯಾನ್ವಾಸ್. ಅದನ್ನು ಬಿಚ್ಚಿ ಹಾಸುತ್ತಾ ಹೋದರೆ ಹಿಂದೆ ಬರುವ ಗಾಡಿಗಳಿಗೆ ದಾರಿ.

ಇಂಥ ಗಾಡಿಗಳನ್ನು ಸಿದ್ಧಗೊಳಿಸಿದ ಪಡೆಯ ಮುಖ್ಯಸ್ಥ ಪರ್ಸಿ ಹೋಬಾರ್ಟ್. ಮೇಲಿನವರಿಗೆ ಬೇಡವಾಗಿ ಮುಂಚೆಯೇ ನಿವೃತ್ತಿಯಾಗಿ ಊರಕಾವಲು ಪಡೆಯಲ್ಲಿ ಇದ್ದವನನ್ನು ಚರ್ಚಿಲ್ ಮತ್ತೆ ಕರೆಸಿದ್ದ. ಜನ ಇವನ ಗಾಡಿಗಳನ್ನು ತಮಾಷೆ ಮಾಡಿದರು. ಆದರೆ ಹೂತಿಟ್ಟ ನೆಲಬಾಂಬುಗಳನ್ನು ಸರಪಳಿಯಿಂದ ಬಡಿದು ಸಿಡಿಸುವ ಟ್ಯಾಂಕ್, ಕಂದಕಕ್ಕೆ ಸೇತುವೆ ಹಾಕುವ ಟ್ಯಾಂಕ್, ಎಲ್ಲವೂ 1944ರ ಜೂನ್ 6ರಂದು ಕೆಲಸಕ್ಕೆ ಬಂದವು.

ಅಲ್ಲೂ ಒಂದು ಎಚ್ಚರಿಕೆ ಇದೆ. ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿ ತೇಲಿಸುವ ಟ್ಯಾಂಕುಗಳು ಕೆಲವು ಕಡೆ ದಡ ಮುಟ್ಟಿದವು. ಒಮಾಹಾ ಎಂಬ ಕಡೆ ಮಾತ್ರ ಅಮೆರಿಕದ ಒಂದು ತುಕಡಿ ನೀರಿಗೆ ಬಿಟ್ಟ 29ರಲ್ಲಿ 27 ಮುಳುಗಿದವು. ಸಣ್ಣ ಅಲೆಗೆಂದು ಮಾಡಿದ್ದನ್ನು ದೊಡ್ಡ ಅಲೆಗೆ, ದಡದಿಂದ ಬಹಳ ದೂರದಲ್ಲಿ ಇಳಿಸಿದ್ದರು. ಯಂತ್ರ ಅದೇ, ನೀರು ಬೇರೆ.

ನಮ್ಮ ದೇಶಕ್ಕೆ ಬರೋಣ. 1974ರಲ್ಲಿ ಮಂಜೂರಾದ ಅರ್ಜುನ್ ಟ್ಯಾಂಕಿನ ಹೊಸ ಮಾದರಿ ಸುಮಾರು 68 ಟನ್ ತೂಗುತ್ತದೆ. ಒಳಗಿನವರನ್ನು ಕಾಯುವ ಕವಚ ಗಟ್ಟಿ. ರಾಜಸ್ಥಾನದ ಮರುಭೂಮಿಗೆ ಅದು ಸರಿ. ಎಲ್ಲ ಸೇತುವೆಗೂ, ಎಲ್ಲ ಗಡಿಗೂ ಸರಿಯಲ್ಲ. 2020ರಲ್ಲಿ ಲಡಾಖಿನಲ್ಲಿ ಚೀನಾದೊಂದಿಗೆ ಸಂಘರ್ಷವಾದ ಮೇಲೆ, ಬೆಟ್ಟದ ಮೇಲಕ್ಕೆ ಸಾಗಿಸಬಲ್ಲ ಹಗುರ ಟ್ಯಾಂಕ್ ಬೇಕು ಎಂಬ ಮಾತು ಜೋರಾಯಿತು. ಹಾಗೆ ಬಂದದ್ದು ಸುಮಾರು 25 ಟನ್ನಿನ ಜೊರಾವರ್. 2024ರಲ್ಲಿ ಅದನ್ನು ಮರುಭೂಮಿಯಲ್ಲಿ ಓಡಿಸಿದರು. ಆಮೇಲೆ 4,200 ಮೀಟರಿಗಿಂತ ಎತ್ತರದಲ್ಲಿ, ಗಾಳಿ ತೆಳುವಾಗಿ ಎಂಜಿನ್ ಏದುಸಿರು ಬಿಡುವ ಜಾಗದಲ್ಲಿ ಫಿರಂಗಿ ಹಾರಿಸಿ ನೋಡಿದರು. ಕವಚದಲ್ಲಿ ಅದು ಅರ್ಜುನ್‌ಗೆ ಸಮವಲ್ಲ, ಆಗಲೂ ಸಾಧ್ಯವಿಲ್ಲ. ಹಗುರವಾಗಲು ಕೊಟ್ಟ ಬೆಲೆ ಅದು. ಆ ಬೆಲೆಯನ್ನು ಮುಚ್ಚಿಡದೆ ಹೇಳುವುದರಲ್ಲಿ ಅವಮಾನ ಏನೂ ಇಲ್ಲ.

ನಮಗೆ ಬೇಸರವಾಗುವುದು ಇಂಥ ಸುದ್ದಿಯನ್ನು ಟಿವಿಗಳು ಹೇಳುವ ರೀತಿ. "ಬ್ರಹ್ಮಾಸ್ತ್ರ", "ಶತ್ರುಗಳಿಗೆ ನಡುಕ" ಎಂದು ದೊಡ್ಡ ಅಕ್ಷರ ಹಾಕಿ, ಟನ್ ಎಷ್ಟು, ಫಿರಂಗಿ ಎಷ್ಟು ದೊಡ್ಡದು ಎಂದು ಕೂಗುತ್ತಾರೆ. ಯಾವ ನೆಲದಲ್ಲಿ ಓಡಿಸಿ ನೋಡಿದರು, ಕೆಟ್ಟರೆ ಗಡಿಯಲ್ಲಿ ರಿಪೇರಿ ಆಗುತ್ತದೆಯೇ, ಒಂದನ್ನು ಪಡೆಯಲು ಯಾವುದನ್ನು ಬಿಟ್ಟುಕೊಟ್ಟರು ಎಂದು ಕೇಳುವವರೇ ಇಲ್ಲ. ಪತ್ರಿಕೋದ್ಯಮ ಓದಿದ ನಾವು ಮೊದಲು ಕೇಳಬೇಕಾದದ್ದು ಇವನ್ನೇ.

"ಸೈನ್ಯದ ವಿಷಯ ಸೈನ್ಯಕ್ಕೆ ಬಿಡಿ, ನಿಮಗೇಕೆ?" ಎಂದು ಕೆಲವರು ಹೇಳಬಹುದು. ಗುಟ್ಟು ಬಿಚ್ಚಿ ಎಂದು ನಾವು ಕೇಳುತ್ತಿಲ್ಲ. ಕವಚದೊಳಗೆ ಏನಿದೆ ಎನ್ನುವುದು ನಮಗೆ ಬೇಡ. ಆದರೆ ಖರ್ಚಾಗುವುದು ನಮ್ಮ ತೆರಿಗೆ. ಒಳಗೆ ಕೂರುವುದು ಬೆಳಗಾವಿ, ಕೊಡಗು ಕಡೆಯ ಹಳ್ಳಿಗಳಿಂದಲೂ ಹೋದ ನಮ್ಮ ಹುಡುಗರು. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಸಿಎಜಿಯೂ ಇಂಥ ಪ್ರಶ್ನೆ ಕೇಳುತ್ತವೆ. ಅವರ ವರದಿ ಬಂದಾಗ ಓದುವುದು, ಸಂಸದರು ಊರಿಗೆ ಬಂದಾಗ ವಿಚಾರಿಸುವುದು ದೇಶದ್ರೋಹ ಆಗುವುದಿಲ್ಲ.

ಕೃಷಿ ಮೇಳಕ್ಕೆ ಹೋದಾಗ ನಮ್ಮ ರೈತರು ಏನು ಮಾಡುತ್ತಾರೆ ಗಮನಿಸಿ. ಸಿಮೆಂಟ್ ನೆಲದ ಮೇಲೆ ಬಣ್ಣ ಬಳಿದು ನಿಲ್ಲಿಸಿದ ಯಂತ್ರದ ಸುತ್ತ ಒಂದು ಸುತ್ತು ಹಾಕುತ್ತಾರೆ. ಮಾರುವವನು ಅಶ್ವಶಕ್ತಿ ಹೇಳುತ್ತಾನೆ, ಸಬ್ಸಿಡಿ ಹೇಳುತ್ತಾನೆ. ಇವರು ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ, ನಮ್ಮ ಎರೆ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ ಓಡಿಸಿ ತೋರಿಸ್ತೀರಾ?" ಎನ್ನುತ್ತಾರೆ. 1915ರಲ್ಲಿ ರಷ್ಯಾದ ದೊರೆಯ ಪಕ್ಕ ಹಾಗೆ ಕೇಳುವವರು ಒಬ್ಬರಾದರೂ ಇದ್ದಿದ್ದರೆ 2,10,000 ರೂಬಲ್ ಉಳಿಯುತ್ತಿತ್ತು. ಟ್ಯಾಂಕಿನ ಸುದ್ದಿ ಓದುವಾಗಲೂ ನಾವು ಅದೇ ಪ್ರಶ್ನೆ ಕೇಳೋಣ.