ಚಿಲಿಯ ತಾಮ್ರ ಓದಬಹುದು, ನಮ್ಮ ಅದಿರು?

ಇಂಟರ್‌ನ್ಯಾಷನಲ್ ಪೊಲಿಟಿಕಲ್ ಎಕಾನಮಿ ಎಂ.ಎ. ಮಾಡಿದ್ರೆ ಏನು ಸಿಗುತ್ತೆ ಅಂತ ಹೊಸದುರ್ಗದ ಕಡೆಯ ಹುಡುಗರು ಕೇಳುತ್ತಾರೆ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದ ನನ್ನ ಹತ್ರ ಕೆಲಸದ ಸಲಹೆ ಕೇಳೋದೇ ತಮಾಷೆ. ಆದರೆ ಆ ವಿಷಯ ಏನೆಂದು ತಿಳಿಯಲು ಅವರ ಜಿಲ್ಲೆಯೇ ಸಾಕು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಚೀನಾದ ಉಕ್ಕಿನ ಹಸಿವು ಅದಿರಿನ ಬೆಲೆಯನ್ನು ಮೇಲಕ್ಕೆಳೆದಿತ್ತು. ಇಲ್ಲಿನ ಗುಡ್ಡಗಳು ಲಾರಿ ಹತ್ತಿದವು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಇದು ಬರೀ ಅರ್ಥಶಾಸ್ತ್ರವೂ ಅಲ್ಲ, ಬರೀ ರಾಜಕೀಯವೂ ಅಲ್ಲ. ಈ ಎರಡು ಶಾಸ್ತ್ರಗಳು ಪರಸ್ಪರ ಕಣ್ಣು ಮುಚ್ಚಿಕೊಂಡಿವೆ ಎಂದು ಬ್ರಿಟನ್ನಿನ ಸೂಸನ್ ಸ್ಟ್ರೇಂಜ್ 1970ರಲ್ಲೇ ವಾದಿಸಿದ್ದರು.

ವಿದೇಶದಲ್ಲಿ ಓದಲು ದುಡ್ಡು? ಪರಿಶಿಷ್ಟ ಜಾತಿ ಮೊದಲಾದವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 125 ಮಂದಿಗೆ. 2022ರಲ್ಲಿ ಅದಕ್ಕೊಂದು ಷರತ್ತು ಸೇರಿತು: ಭಾರತದ ಸಂಸ್ಕೃತಿ, ಇತಿಹಾಸ, ಭಾರತ ಕುರಿತ ಸಾಮಾಜಿಕ ಅಧ್ಯಯನಕ್ಕೆ ಹಣವಿಲ್ಲ. ಅದನ್ನೆಲ್ಲ ಇಲ್ಲೇ ಓದಬಹುದಲ್ಲ ಎಂಬುದು ಸಮರ್ಥನೆ. ಅಂದ್ರೆ ಹೊಸದುರ್ಗದ ದಲಿತ ಹುಡುಗಿಯೊಬ್ಬಳು ಲಂಡನ್ನಿನಲ್ಲಿ ಚಿಲಿಯ ತಾಮ್ರದ ಮೇಲೆ ಸಂಶೋಧನೆ ಮಾಡಬಹುದು. ತನ್ನ ಜಿಲ್ಲೆಯ ಅದಿರನ್ನು ಆರಿಸಿಕೊಂಡರೆ ಅರ್ಜಿಯೇ ಬಿದ್ದುಹೋಗಬಹುದು. ಅಪ್ಪನ ದುಡ್ಡಲ್ಲಿ ಹೋದವನಿಗೆ ಈ ಷರತ್ತಿಲ್ಲ.