ಕಾವುಪೆಟ್ಟಿಗೆಗೆ ನೀರೆಷ್ಟು?

ಮಕ್ಕಳೇ, ನಮ್ಮ ಹೊಳಲೂರಿನಲ್ಲಿ ಈಗ ಮಳೆ ಹಿಡಿದಿದೆ. ರಟ್ಟಿನ ಪೆಟ್ಟಿಗೆಗೆ ಬಲ್ಬು ಹಾಕಿ ಕೋಳಿಮೊಟ್ಟೆ ಕಾವಿಗಿಡುವವರು ಸ್ವಲ್ಪ ಕೇಳಿ.

ಹೇಂಟೆ 21 ದಿನ ಕಾವು ಕೂರುತ್ತದೆ. ನಡುವೆ ಮೇವಿಗೆ ಎದ್ದು ಹೋಗುತ್ತದೆ. ಅಷ್ಟು ತಣ್ಣಗಾದರೆ ಮೊಟ್ಟೆ ಕೆಡುವುದಿಲ್ಲ. ಬಿಸಿ ಏರಿದರೇ ಅಪಾಯ. ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್, ಇಲ್ಲದಿದ್ದರೆ ಮೊಟ್ಟೆಗಳ ಮೇಲ್ಮೈ ಮಟ್ಟದಲ್ಲಿ 38.5ರ ಆಸುಪಾಸು. ಥರ್ಮಾಮೀಟರನ್ನು ಅಲ್ಲೇ ಇಡಿ, ಮುಚ್ಚಳಕ್ಕೆ ಕಟ್ಟಬೇಡಿ.

ಹೆಚ್ಚು ಮರಿಗಳು ಸಾಯುವುದು ನೀರಿನ ಲೆಕ್ಕ ತಪ್ಪಿ ಎಂದು ನನ್ನ ಅನಿಸಿಕೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ಮೊಟ್ಟೆಯ ನೀರು ಆರುತ್ತಾ ಹೋಗಬೇಕು. ಆ ಜಾಗಕ್ಕೆ ಗಾಳಿ ಬರುತ್ತದೆ. ಮರಿ ಮೊದಲು ಉಸಿರಾಡುವುದು ಅದನ್ನೇ. ಪೆಟ್ಟಿಗೆ ತೀರಾ ತೇವವಾದರೆ ಗಾಳಿಗೆ ಜಾಗವಾಗದೆ ಮರಿ ಒಳಗೇ ಉಸಿರುಗಟ್ಟುತ್ತದೆ. ತೀರಾ ಒಣಗಿದರೆ ಪೊರೆ ಮೈಗೆ ಅಂಟುತ್ತದೆ.

ಮೊದಲ 18 ದಿನ ತೇವಾಂಶ ಶೇಕಡಾ 50ರಷ್ಟಿರಲಿ. ಬಳ್ಳಾರಿಯ ಬೇಸಿಗೆಗೆ ಅಗಲದ ತಟ್ಟೆ ನೀರು ಬೇಕು. ನಮ್ಮ ಮಳೆಗಾಲಕ್ಕೆ ಸಣ್ಣ ಬಟ್ಟಲು ಸಾಕು. ಬಟ್ಟಲಿನ ಆಳವಲ್ಲ, ಬಾಯಿಯ ಅಗಲ ಮುಖ್ಯ.

ಲೆಡ್ಜರ್ ಬರೆದವನು ನಾನು, ತೂಕವನ್ನೇ ನಂಬುವವನು. 50 ಗ್ರಾಂ ಮೊಟ್ಟೆ ಹದಿನೆಂಟನೇ ದಿನಕ್ಕೆ ಸುಮಾರು 44ಕ್ಕೆ ಇಳಿದಿರಬೇಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ಇಳಿದದ್ದು ಕಡಿಮೆಯಾದರೆ ಬಟ್ಟಲು ಚಿಕ್ಕದು ಮಾಡಿ, ಹೆಚ್ಚಾದರೆ ದೊಡ್ಡದು. ಅಲ್ಲಿಯವರೆಗೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು.

ಕೊನೆಯ ಮೂರು ದಿನ ಹೊರಳಿಸುವುದು ಬೇಡ. ತೇವಾಂಶ 65–70ಕ್ಕೆ ಏರಿಸಿ, ಮುಚ್ಚಳ ತೆಗೆಯಬೇಡಿ. ಚಿಪ್ಪು ಬಿರುಕು ಬಿಟ್ಟ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಬಂದ ಮರಿಗೆ ಕಾಳು ಹಾಕುವ ಅವಸರವಿಲ್ಲ, ಹೊಟ್ಟೆಯಲ್ಲಿ ಹಳದಿ ಉಳಿದಿರುತ್ತದೆ, ಮೈ ಆರಲಿ.